ಬೆಳಕು ಬಂದದ್ದೇ ಸಾಕು!

ರಾತ್ರಿ ಎರಡು ಗಂಟೆ. ಕುಶಾಲನಗರದ ಪಕ್ಕದ ಕೊಪ್ಪದ ಮೇಲೆ ಸೋನೆ ಮಳೆ ಸುರಿಯುತ್ತಿತ್ತು. ದೊಡ್ಡಪ್ಪ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಕಿಟಕಿ ಗಾಜಿಗೆ ಟಾರ್ಚ್ ಬಿಟ್ಟರು. ಒಳಗೆ ಕೋಲುಗಳಿಗೆ ಕಟ್ಟಿ ಸಾಲುಸಾಲಾಗಿ ತೂಗುಹಾಕಿದ ಎಲೆ. ಬೇಗ ಕಾವು ಏರಿಸಿದರೆ ಎಲೆಯಲ್ಲಿ ಹಸಿರು ಉಳಿದುಬಿಡುತ್ತದೆ, ತಡ ಮಾಡಿದರೆ ಕಂದಿಹೋಗುತ್ತದೆ. ಹಸಿರು ಹೋಗಿ ಹಳದಿ ಕೂತ ಆ ಒಂದು ಗಳಿಗೆಯನ್ನು ಹಿಡಿಯಬೇಕು. ದೊಡ್ಡಪ್ಪ ಕಣ್ಣು ಕಿರಿದು ಮಾಡಿ ನೋಡಿದರು.

‘ಇನ್ನೂ ಆರು ಗಂಟೆ ಬೇಕು ಮಗ.’

‘ಹೆಂಗ್ ಗೊತ್ತಾಯ್ತು ದೊಡ್ಡಪ್ಪ?’

‘ಬಣ್ಣ ಹೇಳ್ತದಲ್ಲ.’

ಆಮೇಲೆ ಸೌದೆಯ ಲೆಕ್ಕ ಹಾಕಲು ಗೋಡೆಯ ಗೂಡಿನಿಂದ ಒಂದು ಹಳೇ ಕ್ಯಾಲ್ಕುಲೇಟರ್ ತೆಗೆದರು. ಪರದೆ ಖಾಲಿಯಾಗಿತ್ತು. ಅದರ ನೆತ್ತಿಯ ಮೇಲಿನ ಕಂದುಗಪ್ಪು ಪಟ್ಟಿಗೆ ಟಾರ್ಚ್ ಹಿಡಿದರು. ಸೊನ್ನೆ ಮೂಡಿತು! ಪಟ್ಟಿಯ ಮೇಲೆ ಹೆಬ್ಬೆರಳಿಟ್ಟರು. ಸೊನ್ನೆ ಕರಗಿತು. ಬೆರಳು ತೆಗೆದರು, ಮತ್ತೆ ಮೂಡಿತು. ‘ಇದ್ಕೆ ಶೆಲ್ಲೇ ಇಲ್ಲ. ಬೆಳಕು ಬಂದ್ರೆ ಸಾಕು’ ಎಂದು ನಕ್ಕರು.

ನನಗೆ ಮೈ ಜುಮ್ಮೆಂದಿತು. ಮೈಸೂರಿನಿಂದ ಬರುವಾಗ ಬಸ್ಸಿನಲ್ಲಿ ಕೂತು ನಾನು ಓದಿ ಮುಗಿಸಿದ್ದು ಈ ಮಾತನ್ನೇ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೃಷ್ಣ ಮುರಳಿ ಮತ್ತು ಕೌಶಿಕ್ ಮಜುಂದಾರ್ 2018ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ದರು. ಅವರು ಕಟ್ಟಿದ ಬೆಳಕಿನ ಸೆನ್ಸರಿನ ಜೀವಾಳ ಹಾಳೆಯಂಥ ಹರಳುಗಳು. ಅದಕ್ಕೆ ಹೊರಗಿನ ವಿದ್ಯುತ್ತಿನ ಒತ್ತಡವನ್ನೇ ಕೊಡದೆ ಬೆಳಕನ್ನಷ್ಟೇ ಬಿಟ್ಟರೂ ಅದು ‘ಕಂಡೆ’ ಎನ್ನುತ್ತದೆ. ಅದರ ಚುರುಕು ಹತ್ತು ಮೈಕ್ರೋಸೆಕೆಂಡಿನ ಆಸುಪಾಸು. ಅಂದರೆ ಒಂದು ಸೆಕೆಂಡನ್ನು ಲಕ್ಷ ಚೂರು ಮಾಡಿದರೆ ಅದರಲ್ಲಿ ಒಂದೇ ಒಂದು ಚೂರು!

ಆ ಚೂರನ್ನು ಮನಸ್ಸಿಗೆ ತಂದುಕೊಳ್ಳಲು ನೋಡಿ. ಅಷ್ಟು ಹೊತ್ತಿನಲ್ಲಿ ನಾವು ಕೂಗಿದ ಕೂಗು ಮೂರೂವರೆ ಮಿಲಿಮೀಟರ್ ಕೂಡ ಸಾಗಿರುವುದಿಲ್ಲ, ತುಟಿಯನ್ನೇ ದಾಟಿರುವುದಿಲ್ಲ. ಬೆಳಕು ಮಾತ್ರ ಮೂರು ಕಿಲೋಮೀಟರ್ ಓಡಿರುತ್ತದೆ, ಹೆಚ್ಚುಕಡಿಮೆ ಕೊಪ್ಪದಿಂದ ಕಾವೇರಿ ಸೇತುವೆ ದಾಟಿ ಕುಶಾಲನಗರದ ಪೇಟೆಗೆ ನುಗ್ಗುವಷ್ಟು ದೂರ. ನಾವು ಒಮ್ಮೆ ರೆಪ್ಪೆ ಬಡಿಯುವುದರೊಳಗೆ ಆ ಸೆನ್ಸರ್ ಹತ್ತು ಸಾವಿರ ಸಲ ಬೆಳಕನ್ನೂ ಕತ್ತಲನ್ನೂ ಬೇರೆ ಮಾಡಿ ಹೇಳಬಲ್ಲದು.

ಕಾಗೆಬಂಗಾರದ ಪಾಠ

ಈ ಪವಾಡದ ಮೊದಲ ಪಾಠವನ್ನು ಹೊಲದ ಬದುವಿನಲ್ಲೇ ಕಲಿಯಬಹುದು. ಚಿಕ್ಕಂದಿನಲ್ಲಿ ಕಾಗೆಬಂಗಾರ ಆಯ್ದವರಿಗೆಲ್ಲ ಗೊತ್ತು: ಉಗುರು ಹಾಕಿದರೆ ಹೊಳೆಯುವ ಒಂದು ಪರೆ ಏಳುತ್ತದೆ, ಅದರಡಿ ಇನ್ನೊಂದು, ಅದರಡಿ ಮತ್ತೊಂದು. ಎಷ್ಟು ಸುಲಿದರೂ ಮುಗಿಯದು. ಹಾಳೆಯೊಳಗಿನ ಪರಮಾಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ, ಹಾಳೆ ಹಾಳೆಯ ನಡುವಿನ ನಂಟು ಮಾತ್ರ ಸಡಿಲ. ಪೆನ್ಸಿಲ್ಲಿನ ಕಡ್ಡಿಯೂ ಅದೇ ಜಾತಿ. ಕಾಗದದ ಮೇಲೆ ನಾವು ಎಳೆಯುವ ಪ್ರತಿ ಗೆರೆಯೂ ಗ್ರಾಫೈಟಿನಿಂದ ಸುಲಿದುಬಿದ್ದ ಹಾಳೆಗಳೇ. 2004ರಲ್ಲಿ ಮ್ಯಾಂಚೆಸ್ಟರಿನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಅಂಟುಪಟ್ಟಿ ಹಚ್ಚಿ, ಕಿತ್ತು, ಮತ್ತೆ ಹಚ್ಚಿ, ಮತ್ತೆ ಕಿತ್ತು, ಕೊನೆಗೆ ಒಂದೇ ಒಂದು ಪರಮಾಣುವಿನಷ್ಟು ದಪ್ಪದ ಹಾಳೆ ಉಳಿಸಿಕೊಂಡರು. ಅದೇ ಗ್ರಾಫೀನ್. 2010ರಲ್ಲಿ ನೊಬೆಲ್ ಬಂತು. ಅಂಟುಪಟ್ಟಿಗೆ ನೊಬೆಲ್!

ಆಮೇಲೆ ನೋಡಿದರೆ ಇಂಥ ಹಾಳೆಹಾಳೆಯ ಹರಳುಗಳು ಎಲ್ಲೆಲ್ಲೂ! ಟ್ರ್ಯಾಕ್ಟರಿನ ಬೇರಿಂಗಿಗೆ ಹಚ್ಚುವ ಕರೀ ಮಾಲಿ ಗ್ರೀಸನ್ನು ಬೆರಳಲ್ಲಿ ತೀಡಿ ನೋಡಿ. ಆ ಜಾರುವಿಕೆ ಮಾಲಿಬ್ಡಿನಮ್ ಡೈಸಲ್ಫೈಡಿನದು. ಹಾಳೆಯ ಮೇಲೆ ಹಾಳೆ ಜಾರುವುದರಿಂದಲೇ ಅದಕ್ಕೆ ಆ ನುಣುಪು. ಆ ಹಾಳೆಗಳಲ್ಲಿ ಒಂದನ್ನಷ್ಟೇ ಬಿಡಿಸಿಕೊಂಡರೆ ಅದರ ದಪ್ಪ 0.65 ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪಕ್ಕೆ ಸಮ ಬರಬೇಕಾದರೆ ಅಂಥ ಸುಮಾರು ಲಕ್ಷ ಹಾಳೆ ಪೇರಿಸಬೇಕು. ಗಟ್ಟಿಯಾಗಿದ್ದಾಗ ಬೆಳಕಿನ ವಿಷಯದಲ್ಲಿ ಸೋಮಾರಿಯಾದ ಈ ವಸ್ತು ಒಂಟಿ ಹಾಳೆಯಾದ ಕೂಡಲೇ ಬೇರೆಯೇ ಆಗಿಬಿಡುತ್ತದೆ, ಬೆಳಕು ತಾಗಿಸಿದರೆ ತಾನೂ ಮಿನುಗುತ್ತದೆ! ಇದು ಗೊತ್ತಾದದ್ದು 2010ರಲ್ಲಿ. ಸುಲಿಯುತ್ತಾ ಹೋದರೆ ವಸ್ತು ಕಡಿಮೆಯಾಗುತ್ತದೆ ಅಂದುಕೊಂಡಿದ್ದೆವು, ಇಲ್ಲಿ ಅದು ಹೊಸದಾಗಿ ಹುಟ್ಟಿತು.

ಅದೇ 2010ರಲ್ಲಿ ಬೆಂಗಳೂರಿನಿಂದಲೂ ಒಂದು ಸುದ್ದಿ ಹೊರಟಿತು. ಸಿ.ಎನ್.ಆರ್. ರಾವ್ ಅವರ ತಂಡ ಮಾಲಿಬ್ಡಿನಮ್ ಡೈಸಲ್ಫೈಡ್ ಮತ್ತು ಟಂಗ್‌ಸ್ಟನ್ ಡೈಸಲ್ಫೈಡುಗಳಿಂದ ಗ್ರಾಫೀನಿನಂಥ ಹಾಳೆಗಳನ್ನು ತಯಾರಿಸಿ ತೋರಿಸಿತು. 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪದವಿ ಪಡೆದವರು ಎಪ್ಪತ್ತರ ಅಂಚು ದಾಟಿದ ಮೇಲೂ ಒಂದು ಹೊಸ ಲೋಕದ ಬಾಗಿಲು ತಟ್ಟುತ್ತಿದ್ದರು.

ಹಾಳೆ ಒಂದೋ ಎರಡೋ ಎಂದು ಎಣಿಸುವುದು ಹೇಗೆ? ಕಣ್ಣಿಗೆ ಕಾಣದ್ದನ್ನು ಎಣಿಸುವವರು ಯಾರು? ಬೆಳಕೇ ಎಣಿಸುತ್ತದೆ! ಹಾಳೆಗೆ ಲೇಸರ್ ಬಿಟ್ಟರೆ ಚದುರಿ ಮರಳುವ ಬೆಳಕಿನ ಬಣ್ಣ ತುಸುವೇ ತುಸು ಬದಲಾಗಿರುತ್ತದೆ. ಆ ಬದಲಾವಣೆಯ ಗುರುತು ಒಂದು ಹಾಳೆಗೆ ಒಂದು ಥರ, ಎರಡಕ್ಕೆ ಇನ್ನೊಂದು ಥರ. 1928ರ ಫೆಬ್ರವರಿ 28ರಂದು ಕೋಲ್ಕತ್ತದಲ್ಲಿ ಸಿ.ವಿ. ರಾಮನ್ ಕಂಡ ಪರಿಣಾಮ ಇದೇ. 1933ರಲ್ಲಿ ಅವರು ಬೆಂಗಳೂರಿಗೆ ಬಂದು, ಉಳಿದ ಬದುಕನ್ನೆಲ್ಲ ಇಲ್ಲೇ ಹರಳುಗಳ ಬೆಳಕು ನೋಡುತ್ತಾ ಕಳೆದರು. ಇವತ್ತು ಲೋಕದ ಯಾವ ಮೂಲೆಯಲ್ಲೇ ಆಗಲಿ, ಇಂಥ ಹಾಳೆ ಸುಲಿದವರು ಸಾಮಾನ್ಯವಾಗಿ ಅದನ್ನು ರಾಮನ್ ಯಂತ್ರದ ಕೆಳಗೆ ಇಟ್ಟು ಎಣಿಸುತ್ತಾರೆ.

ಹೊಳೆಗೆ ಪಂಪು ಬೇಕೆ?

ಈಗ ಆ 2018ರ ಸೆನ್ಸರಿನ ಒಳಗೆ ಇಳಿಯೋಣ. ಅದು ಮೂರು ಪದರದ ಹೋಳಿಗೆ. ಕಣಕದ ಒಂದು ಮೈ ಇಂಡಿಯಮ್ ಟಿನ್ ಆಕ್ಸೈಡ್, ನಮ್ಮ ಮೊಬೈಲಿನ ಪರದೆಯಲ್ಲಿ ವಿದ್ಯುತ್ ಹರಿಸುವ ಪಾರದರ್ಶಕ ಲೇಪ. ಇನ್ನೊಂದು ಮೈ ತವರದ ಡೈಸೆಲೆನೈಡ್. ನಡುವಿನ ಹೂರಣ ಟಂಗ್‌ಸ್ಟನ್ ಡೈಸೆಲೆನೈಡ್. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಅದೇ ತವರ, ಹಳೇ ಬಲ್ಬಿನ ತಂತಿಯಾಗಿ ನಮ್ಮ ಹಜಾರಗಳಿಗೆ ಬೆಳಕು ಕೊಟ್ಟ ಅದೇ ಟಂಗ್‌ಸ್ಟನ್. ಅಂದು ಬೆಳಕು ಕೊಟ್ಟ ಲೋಹ ಇಂದು ಬೆಳಕು ಹಿಡಿಯಲು ಕೂತಿದೆ! ಜೊತೆಗಿರುವ ಸೆಲೆನಿಯಮ್ಮಿನ ಕತೆಯೂ ದೊಡ್ಡದು. 1873ರಲ್ಲಿ ಕಡಲಡಿಯ ತಂತಿಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದ ಇಂಗ್ಲೆಂಡಿನ ವಿಲೋಬಿ ಸ್ಮಿತ್, ಸೆಲೆನಿಯಮ್ ಕಡ್ಡಿಗೆ ಬೆಳಕು ಬಿದ್ದಾಗ ಅದರಲ್ಲಿ ವಿದ್ಯುತ್ ಸರಾಗ ಹರಿಯುವುದನ್ನು ಲೋಕಕ್ಕೆ ತಿಳಿಸಿದರು. ಮುಂದೆ ಫೋಟೊ ತೆಗೆಯುವವರು ಬೆಳಕು ಅಳೆಯಲು ಹಿಡಿಯುತ್ತಿದ್ದ ಮೀಟರುಗಳಲ್ಲಿ ಇದೇ ಸೆಲೆನಿಯಮ್ ಇತ್ತು, ಅವುಗಳಿಗೂ ಶೆಲ್ ಬೇಕಿರಲಿಲ್ಲ.

ಬೆಳಕು ಹೂರಣಕ್ಕೆ ಬಡಿದಾಗ ಒಂದು ಎಲೆಕ್ಟ್ರಾನ್ ತನ್ನ ಜಾಗ ಬಿಟ್ಟು ಏಳುತ್ತದೆ. ಅದು ಬಿಟ್ಟ ಖಾಲಿ ಜಾಗವೂ ಒಂದು ಕಣದಂತೆಯೇ ಓಡಾಡುತ್ತದೆ, ಅದಕ್ಕೆ ‘ಹೋಲ್’ ಎನ್ನುತ್ತಾರೆ. ಇವೆರಡನ್ನೂ ಬಿಟ್ಟರೆ ಮತ್ತೆ ಕೂಡಿಕೊಂಡು ಬೆಳಕಿನ ಸುದ್ದಿ ಅಲ್ಲೇ ಸತ್ತುಹೋಗುತ್ತದೆ. ಬೇರೆ ಬೇರೆ ದಿಕ್ಕಿಗೆ ಎಳೆದರೆ ಅದೇ ವಿದ್ಯುತ್ತು. ಎಷ್ಟೋ ಸೆನ್ಸರುಗಳಲ್ಲಿ ಹಾಗೆ ಎಳೆಯಲು ಹೊರಗಿನಿಂದ ಬ್ಯಾಟರಿ ಬೇಕು.

ಇಲ್ಲಿ ಬೇಡ. ಏಕೆ ಬೇಡ? ಉತ್ತರ ಕೊಪ್ಪದ ಮಗ್ಗುಲಲ್ಲೇ ಹರಿಯುತ್ತಿದೆ. ಕಾವೇರಿಯನ್ನು ಯಾರಾದರೂ ಪಂಪು ಹಚ್ಚಿ ಕೆಳಗೆ ಕಳಿಸುತ್ತಾರೆಯೇ? ನೆಲಕ್ಕೇ ಇಳಿಜಾರಿದೆ, ನೀರು ಬಂದದ್ದೇ ಸಾಕು, ಹರಿಯುತ್ತದೆ. ಬೇರೆ ಬೇರೆ ಗುಣದ ಎರಡು ವಸ್ತುಗಳನ್ನು ಒಂದಕ್ಕೊಂದು ತಾಗಿಸಿದಾಗಲೂ ಅವುಗಳ ನಡುವೆ ತಾನೇ ತಾನಾಗಿ ಒಂದು ಇಳಿಜಾರು ಏರ್ಪಡುತ್ತದೆ. ಕಣ್ಣಿಗೆ ಕಾಣದ ವಿದ್ಯುತ್ತಿನ ಇಳಿಜಾರು. ಎಲೆಕ್ಟ್ರಾನ್ ಎದ್ದ ಕೂಡಲೇ ಅದರಲ್ಲಿ ಜಾರಿ ಆಚೆ ಬೀಳುತ್ತದೆ. ಇದೇ ನೀರು ಕೆಳಗೆ ಶಿವನಸಮುದ್ರದಲ್ಲಿ ಧುಮುಕಿದ ರಭಸದಿಂದ 1902ರಲ್ಲಿ ವಿದ್ಯುತ್ತು ಹುಟ್ಟಿ, ಸುಮಾರು 147 ಕಿಲೋಮೀಟರ್ ಓಡಿ ಕೋಲಾರದ ಚಿನ್ನದ ಗಣಿ ಸೇರಿತು. ಅಲ್ಲಿ ನೂರಾರು ಅಡಿಯ ಜಲಪಾತ. ಇಲ್ಲಿ ಕೂದಲೆಳೆಯನ್ನು ಸಾವಿರ ಸೀಳು ಮಾಡಿದರೆ ಸಿಗುವಷ್ಟು ತೆಳುವಿನಲ್ಲಿ ಒಂದು ಜಲಪಾತ! ಬೆಳಕೇ ಸುದ್ದಿ ತರುತ್ತದೆ, ಸುದ್ದಿ ಸಾಗಿಸುವ ಕೂಲಿಯನ್ನೂ ತಾನೇ ಕೊಡುತ್ತದೆ.

ಇಂಥ ಹಾಳೆಗಳನ್ನು ಪೇರಿಸುವುದರಲ್ಲೂ ಒಂದು ಅದೃಷ್ಟವಿದೆ. ಸಾಧಾರಣ ಹರಳಿನ ಮೇಲೆ ಇನ್ನೊಂದು ಹರಳು ಬೆಳೆಸಬೇಕಾದರೆ ಪರಮಾಣುಗಳ ಸಾಲು ಸಾಲಿಗೆ ಹೊಂದಬೇಕು, ಹೊಂದದಿದ್ದರೆ ಬಿರುಕು. ಸುಲಿದ ಹಾಳೆಯ ಮೈ ನಯ, ಅಲ್ಲಿ ಜೋತುಬಿದ್ದ ಕೊಂಡಿಗಳಿಲ್ಲ. ಹಾಗಾಗಿ ಯಾವ ಹಾಳೆಯ ಮೇಲೆ ಯಾವ ಹಾಳೆ ಬೇಕಾದರೂ ಕೂರುತ್ತದೆ, ಇಸ್ಪೀಟೆಲೆ ಜೋಡಿಸಿದ ಹಾಗೆ.

ಮರೆಯುವ ವಿದ್ಯೆ

ಈಗ ನನ್ನನ್ನು ನಿದ್ದೆಗೆಡಿಸಿದ ಮಾತಿಗೆ ಬರುತ್ತೇನೆ. ಸೆನ್ಸರಿನ ಚುರುಕು ಎಂದರೆ ಬೆಳಕನ್ನು ಬೇಗ ಕಾಣುವುದು ಎಂದೇ ನಾನು ತಿಳಿದಿದ್ದೆ. ಅದು ಅರ್ಧ ಮಾತ್ರ ನಿಜ. ಬೆಳಕು ಹೋದ ಮೇಲೆ ಅದನ್ನು ಬೇಗ ಮರೆಯುವುದು ಉಳಿದರ್ಧ!

2013ರಲ್ಲಿ ಅದೇ ವಿಜ್ಞಾನ ಸಂಸ್ಥೆಯ ಅರಿಂದಮ್ ಘೋಷ್ ಅವರ ತಂಡ ಮಾಲಿಬ್ಡಿನಮ್ ಡೈಸಲ್ಫೈಡಿನ ಮೇಲೆ ಗ್ರಾಫೀನ್ ಹೊದಿಸಿ ಒಂದು ಸಾಧನ ಮಾಡಿತು. ಅದರ ಸೂಕ್ಷ್ಮತೆ ಕೇಳಿದರೆ ಉಸಿರು ನಿಲ್ಲಬೇಕು: ಕೋಣೆಯ ಉಷ್ಣತೆಯಲ್ಲೇ ಒಂದು ವ್ಯಾಟ್ ಬೆಳಕಿಗೆ ಐವತ್ತು ಕೋಟಿ ಆಂಪಿಯರ್ ಲೆಕ್ಕ! ಒಂದು ಬೆಳಕಿನ ಕಣಕ್ಕೆ ಒಂದೇ ಎಲೆಕ್ಟ್ರಾನ್ ಎಂದು ಹಿಡಿದರೆ ನಮ್ಮ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಈ ಲೆಕ್ಕ ಅರ್ಧ ಆಂಪಿಯರಿನ ಹತ್ತಿರವೇ ನಿಲ್ಲಬೇಕು. ಅಷ್ಟೊಂದು ಹೆಚ್ಚಿದ್ದು ಹೇಗೆಂದರೆ, ಹುಟ್ಟಿದ ಜೋಡಿಯಲ್ಲಿ ಒಂದು ಕಣ ಕೆಳಗಿನ ಪದರದಲ್ಲಿ ಸಿಕ್ಕಿಬಿದ್ದು ಕೂತಿರುತ್ತದೆ. ಅದು ಕೂತಷ್ಟು ಹೊತ್ತೂ ಗ್ರಾಫೀನಿನಲ್ಲಿ ಹರಿಯುವ ವಿದ್ಯುತ್ತು ಬದಲಾಗಿಯೇ ಇರುತ್ತದೆ. ಬೆಳಕು ಆರಿಸಿದ ಮೇಲೂ ಅದು ಬೆಳಕನ್ನು ನೆನಪಿಟ್ಟುಕೊಂಡಿತು, ವಿದ್ಯುತ್ತಿನ ಒಂದು ಏಟು ಕೊಟ್ಟಾಗಲೇ ಮರೆತದ್ದು. ಬೆಳಕಿಗೊಂದು ನೆನಪಿನ ಪೆಟ್ಟಿಗೆಯೇ ಸಿಕ್ಕಂತಾಯಿತು! ಆದರೆ ಓಡುವ ಸುದ್ದಿಯನ್ನು ಹಿಡಿಯಬೇಕಾದರೆ ಹಳೆಯದನ್ನು ಹಿಡಿದುಕೊಂಡು ಕೂರುವಂತಿಲ್ಲ. ಹಲಗೆ ಒರೆಸದೆ ಮುಂದಿನ ಅಕ್ಷರ ಬರೆಯುವುದೆಲ್ಲಿ?

2018ರ ಹೋಳಿಗೆಯ ಜಾಣತನ ಇಲ್ಲಿದೆ. ಎಲೆಕ್ಟ್ರಾನ್ ಉದ್ದುದ್ದಕ್ಕೆ ಅಲೆಯುವುದಿಲ್ಲ. ಹೂರಣದಿಂದ ನೇರ ಮೇಲಕ್ಕೋ ಕೆಳಕ್ಕೋ, ಪದರದ ದಪ್ಪದಷ್ಟೇ ದಾರಿ, ಒಂದೇ ನೆಗೆತ. ಹೋಲ್ ಮಾತ್ರ ನಡುವಿನ ತೊಟ್ಟಿಯಲ್ಲಿ ಕ್ಷಣಕಾಲ ತಂಗುತ್ತದೆ, ಅಷ್ಟರಲ್ಲಿ ಸುದ್ದಿ ಹಿಗ್ಗುತ್ತದೆ. ಹೊರಗಿನ ಒತ್ತಡ ಕೊಟ್ಟು ನೋಡಿದಾಗ ಸೂಕ್ಷ್ಮತೆ ವ್ಯಾಟಿಗೆ 1100 ಆಂಪಿಯರ್ ದಾಟಿತು. ಒತ್ತಡವನ್ನು ಸೊನ್ನೆಗೆ ಇಳಿಸಿದರೂ ಒಳಗಿನ ಇಳಿಜಾರಿನ ಬಲದಿಂದಲೇ ಸೆನ್ಸರ್ ಕೆಲಸ ಮಾಡಿತು. ಮೇಲೂ ಕೆಳಗೂ ಕಣಕ ಮುಚ್ಚಿರುವುದರಿಂದ ಗಾಳಿ ತಾಗಿ ಹೂರಣ ಕೆಡುವುದೂ ತಪ್ಪಿತು. ಕಂಡಿತು, ಹೇಳಿತು, ಮರೆಯಿತು, ಮತ್ತೆ ಸಿದ್ಧವಾಯಿತು!

ಒಂದೇ ವರ್ಷ ಹುಟ್ಟಿದ ಇಬ್ಬರು

ಆದರೂ ಒಂದು ಕೊರತೆ ಉಳಿಯಿತು. ಹಾಳೆ ಅಷ್ಟು ತೆಳುವಾದರೆ ಬಹುಪಾಲು ಬೆಳಕು ಅದನ್ನು ತೂರಿಕೊಂಡೇ ಹೋಗಿಬಿಡುತ್ತದೆ. ಒಂಟಿ ಗ್ರಾಫೀನ್ ಹಾಳೆ ಹಿಡಿಯುವುದು ನೂರರಲ್ಲಿ 2.3 ಪಾಲು ಮಾತ್ರ. ಬೆಳಕನ್ನು ಗಬಗಬನೆ ನುಂಗುವ ಒಬ್ಬ ಗೆಳೆಯ ಬೇಕಿತ್ತು. ಆ ಗೆಳೆಯನೇ ಪೆರೋವ್‌ಸ್ಕೈಟ್.

1839ರಲ್ಲಿ ಜರ್ಮನಿಯ ಗುಸ್ತಾವ್ ರೋಸ್ ಉರಲ್ ಬೆಟ್ಟಗಳಿಂದ ಬಂದ ಒಂದು ಖನಿಜಕ್ಕೆ ರಷ್ಯಾದ ಲೆವ್ ಪೆರೋವ್‌ಸ್ಕಿ ಅವರ ಹೆಸರಿಟ್ಟರು. ಕ್ಯಾಲ್ಸಿಯಮ್, ಟೈಟಾನಿಯಮ್, ಆಮ್ಲಜನಕಗಳ ಹರಳು ಅದು. ಅದೇ 1839ರಲ್ಲಿ ಫ್ರಾನ್ಸಿನಲ್ಲಿ ಎಡ್ಮಂಡ್ ಬೆಕೆರೆಲ್ ಎಂಬ ಹತ್ತೊಂಬತ್ತರ ಹುಡುಗ, ದ್ರಾವಣದಲ್ಲಿ ಅದ್ದಿದ ಲೋಹದ ತಗಡಿಗೆ ಬೆಳಕು ಬಿದ್ದಾಗ ವಿದ್ಯುತ್ತು ಹುಟ್ಟುವುದನ್ನು ಕಂಡ. ಒಂದೇ ವರ್ಷ! ಒಬ್ಬರಿಗೆ ಹರಳು ಸಿಕ್ಕಿತು, ಇನ್ನೊಬ್ಬರಿಗೆ ಬೆಳಕಿನಿಂದ ವಿದ್ಯುತ್ತು ತೆಗೆಯುವ ಗುಟ್ಟು ಸಿಕ್ಕಿತು. ಅವೆರಡೂ ಕೈ ಹಿಡಿಯಲು 170 ವರ್ಷ ಕಾಯಬೇಕಾಯಿತು. 2009ರಲ್ಲಿ ಜಪಾನಿನ ಸುತೊಮು ಮಿಯಾಸಕಾ ಅವರ ತಂಡ ಪೆರೋವ್‌ಸ್ಕೈಟ್ ರಚನೆಯ ಸೀಸದ ಲವಣಗಳಿಂದ ಸೌರಕೋಶ ಮಾಡಿತು. ದಕ್ಷತೆ ಶೇ. 3.8 ಅಷ್ಟೇ. ಇವತ್ತು ಪ್ರಯೋಗಾಲಯಗಳಲ್ಲಿ ಅದು ಶೇ. 26 ದಾಟಿದೆ!

ಇದರ ಗುಣಗಳನ್ನು ಕೇಳಿ. ಅರ್ಧ ಮೈಕ್ರೋಮೀಟರ್ ದಪ್ಪದ ಲೇಪ ಬಿದ್ದ ಬೆಳಕಿನ ಬಹುಪಾಲನ್ನು ಹೀರಿಬಿಡುತ್ತದೆ. ಎಬ್ಬಿಸಿದ ಎಲೆಕ್ಟ್ರಾನ್ ತನ್ನ ಜೋಡಿಯನ್ನು ಮತ್ತೆ ಕೂಡಿಕೊಳ್ಳದೆ ಲೇಪದ ದಪ್ಪಕ್ಕಿಂತ ಹೆಚ್ಚು ದೂರ ಓಡಬಲ್ಲದು. ಸಿಲಿಕಾನ್ ಹರಳು ಮಾಡಲು ಸಾವಿರದ ನಾನೂರು ಡಿಗ್ರಿ ದಾಟಿದ ಕುಲುಮೆ ಬೇಕು. ಪೆರೋವ್‌ಸ್ಕೈಟ್ ಲೇಪಕ್ಕೆ ದ್ರಾವಣ ಹೊಯ್ದು, ತಿರುಗಿಸಿ ಹರಡಿ, ನೀರು ಕುದಿಯುವಷ್ಟು ಕಾವಿನಲ್ಲಿ ಬೇಯಿಸಿದರಾಯಿತು. ನೀರು ದೋಸೆ ಹೊಯ್ದ ಹಾಗೆ! ಇದನ್ನು ಪದರವಸ್ತುವಿನ ಮೇಲೆ ಹೊಯ್ದಾಗ ಇಬ್ಬರೂ ಕೆಲಸ ಹಂಚಿಕೊಳ್ಳುತ್ತಾರೆ. ಬೆಳಕು ನುಂಗುವುದು ಪೆರೋವ್‌ಸ್ಕೈಟಿನ ಪಾಲು, ಎಲೆಕ್ಟ್ರಾನನ್ನು ಹೊತ್ತೊಯ್ಯುವುದು ಹಾಳೆಯ ಪಾಲು, ನಡುವಿನ ಇಳಿಜಾರು ಇಬ್ಬರದೂ. ಬ್ಯಾಟರಿಯಿಲ್ಲದೆ ಓಡುವ ಚುರುಕು ಸೆನ್ಸರುಗಳಿಗೆ ಲೋಕದ ನಾನಾ ಪ್ರಯೋಗಾಲಯಗಳು ಈ ಜೋಡಿಯನ್ನು ನೆಚ್ಚಿಕೊಂಡಿರುವುದು ಅದಕ್ಕೇ.

ಪೆರೋವ್‌ಸ್ಕೈಟ್ ಕರ್ನಾಟಕಕ್ಕೆ ಹೊಸ ನೆಂಟನಲ್ಲ. ಸಿ.ಎನ್.ಆರ್. ರಾವ್ ದಶಕಗಳ ಕಾಲ ಬೆಂಗಳೂರಿನಲ್ಲಿ ಪೆರೋವ್‌ಸ್ಕೈಟ್ ಆಕ್ಸೈಡುಗಳನ್ನು ಅರೆದು, ಬೇಯಿಸಿ, ಅಳೆದು ನೋಡಿದರು. ಪದರಪದರವಾಗಿ ಕೂರುವ ಲ್ಯಾಂಥನಮ್-ತಾಮ್ರದ ಆಕ್ಸೈಡನ್ನು ಅವರೂ ಪಿ. ಗಂಗೂಲಿ ಅವರೂ 1980ರ ದಶಕದ ಮೊದಲರ್ಧದಲ್ಲೇ ಅಧ್ಯಯನ ಮಾಡಿದ್ದರು. 1986ರಲ್ಲಿ ಲೋಕವನ್ನೇ ಬೆಚ್ಚಿಬೀಳಿಸಿದ ಹೊಸ ಸೂಪರ್‌ಕಂಡಕ್ಟರ್ ಸಿಕ್ಕಿದ್ದು ಅದೇ ಕುಟುಂಬದಲ್ಲಿ! ಪದರವಸ್ತು, ಪೆರೋವ್‌ಸ್ಕೈಟ್ ಎರಡರಲ್ಲೂ ಕೈಯಾಡಿಸಿದ ಹಿರಿಯರೊಬ್ಬರು ನಮ್ಮ ನೆಲದಲ್ಲೇ ಇದ್ದಾರೆ.

ಮಳೆಯ ಮುಂದೆ ಪರೀಕ್ಷೆ

ಬ್ಯಾರನ್ನಿನ ಸೂರಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಪೆರೋವ್‌ಸ್ಕೈಟಿಗೆ ಇದೇ ಶತ್ರು. ಅದು ಉಪ್ಪಿನ ಜಾತಿ, ತೇವ ತಾಗಿದರೆ ಕರಗಿ ಕೆಡುತ್ತದೆ. ಒಳಗೆ ಸೀಸವೂ ಇದೆ, ಅದು ಮಣ್ಣಿಗೂ ನೀರಿಗೂ ಸೇರಬಾರದ ವಿಷ. ಕಾವೇರಿಯ ದಡದಲ್ಲಿ ನಿಂತವರು ಈ ಮಾತನ್ನು ಮರೆಯುವಂತಿಲ್ಲ.

ಇದಕ್ಕೂ ದಾರಿ ತೆರೆಯುತ್ತಿದೆ, ಅದೂ ಎಷ್ಟು ಚೆಲುವಾಗಿ! ಪೆರೋವ್‌ಸ್ಕೈಟಿನ ನಡುನಡುವೆ ನೀರನ್ನು ದೂರ ತಳ್ಳುವ ಉದ್ದನೆಯ ಸಾವಯವ ಅಣುಗಳನ್ನು ಸೇರಿಸಿದರೆ ಅದು ತಾನೇ ಹಾಳೆಹಾಳೆಯಾಗಿ ಬೆಳೆಯುತ್ತದೆ. ಎರಡು ಪದರದ ನಡುವೆ ಎಣ್ಣೆ ಸವರಿದ ಹಾಗೆ ತೇವಕ್ಕೆ ತಡೆ. ಪೆರೋವ್‌ಸ್ಕೈಟೇ ಕಾಗೆಬಂಗಾರದ ಗುಣ ಪಡೆಯುತ್ತದೆ! ಸೀಸದ ಜಾಗಕ್ಕೆ ತವರ, ಬಿಸ್ಮತ್ ತರುವ ಪ್ರಯತ್ನಗಳೂ ನಡೆದಿವೆ. ಈ ಕೆಲಸ ಇನ್ನೂ ಮುಗಿದಿಲ್ಲ. ಪ್ರಯೋಗಾಲಯದ ಒಂದು ಹಾಳೆಯಿಂದ ಅಂಗಡಿಯ ಲಕ್ಷ ಸೆನ್ಸರುಗಳವರೆಗೆ ದಾರಿ ಉದ್ದವಿದೆ.

ಆದರೂ ನಾನು ಆಸೆ ಕಟ್ಟಿಕೊಳ್ಳುತ್ತೇನೆ. ಬೆರಳ ತುದಿಯ ನಾಡಿ ಎಣಿಸಲು, ಬೆಳಕಿನ ಮಿಣುಕಿನಲ್ಲೇ ಮಾತು ಕಳಿಸಲು, ನಾಗರಹೊಳೆಯ ಕಾಡಂಚಿನಲ್ಲಿ ಬೇಲಿ ದಾಟುವ ಆನೆಯ ನೆರಳನ್ನು ಗುರುತಿಸಲು, ಎಲೆಯ ಬಣ್ಣ ಓದಲು ಬೇಕಾದದ್ದು ಇಂಥ ಕಣ್ಣೇ. ಸುದ್ದಿಯನ್ನು ದೂರಕ್ಕೆ ಕಳಿಸುವ ರೇಡಿಯೋಗೆ ವಿದ್ಯುತ್ತು ಬೇಕೇ ಬೇಕು, ನಿಜ. ಆದರೆ ನೋಡುತ್ತಾ ಕಾದು ಕೂರುವ ಕೆಲಸಕ್ಕಾದರೂ ಬ್ಯಾಟರಿ ಸವೆಯುವುದಿಲ್ಲ.

ಬೆಳಗಿನ ಜಾವ ಮಳೆ ನಿಂತಿತು. ಎಂಟು ಗಂಟೆಗೆ ದೊಡ್ಡಪ್ಪ ಮತ್ತೆ ಕಿಟಕಿಗೆ ಬಂದರು. ಈಗ ಟಾರ್ಚ್ ಬೇಕಿರಲಿಲ್ಲ. ಒಳಗೆಲ್ಲ ನಿಂಬೆ ಹಳದಿ. ರಾತ್ರಿ ಹೇಳಿದ ಆರು ಗಂಟೆ ಸರಿಯಾಗಿ ಮುಗಿದಿತ್ತು.

ನಾನು ಅವರಿಗೆ ಇಡೀ ಕತೆ ಹೇಳಿದೆ, ಹೋಳಿಗೆ, ಇಳಿಜಾರು, ಮರೆಯುವ ವಿದ್ಯೆ, ಎಲ್ಲವನ್ನೂ. ಅವರು ಕ್ಯಾಲ್ಕುಲೇಟರಿನ ಪಟ್ಟಿಯನ್ನು ಪಂಚೆಯ ಚುಂಗಿನಿಂದ ಒರೆಸಿ ಬಿಸಿಲಿಗೆ ಹಿಡಿದರು. ಸೊನ್ನೆ ಮೂಡಿತು.

‘ಲಕ್ಷದಲ್ಲೊಂದು ಪಾಲು ಅಂದೆಯಲ್ಲ ಮಗ, ಅಷ್ಟರೊಳಗೆ ನೋಡಿ, ಮರೆತು, ಮತ್ತೆ ನೋಡ್ತದಾ?’

‘ಹೂಂ ದೊಡ್ಡಪ್ಪ.’

ಅವರು ಹೆಬ್ಬೆರಳನ್ನು ಪಟ್ಟಿಯ ಮೇಲಿಟ್ಟರು, ತೆಗೆದರು, ಮತ್ತೆ ಇಟ್ಟರು, ತೆಗೆದರು. ಬ್ಯಾರನ್ನಿಗೆ ಕಾವು ಏರಿಸುವ ಹೊತ್ತು ಮೀರುತ್ತಿತ್ತು. ನಾವಿಬ್ಬರೂ ಆ ಸೊನ್ನೆ ಮೂಡಿ ಕರಗಿ ಮೂಡುವುದನ್ನೇ ನೋಡುತ್ತಾ ನಿಂತಿದ್ದೆವು.